ಅಂತ್ಯಕಾಲದ ಶುಶ್ರೂಷೆ

ಮಹಾಲಯ ಅಮಾವಾಸ್ಯೆಯಂದು ಪಿತೃಗಳಿಗೆ ಎಳ್ಳುನೀರು ಬಿಟ್ಟ ಮರುದಿನವೇ ಕಲಶವನ್ನಿಟ್ಟು ನವರಾತ್ರಿಯನ್ನು ಆರಂಭಿಸುವವರು ನಾವು. ಮೃತರ ಸ್ಮರಣೆಗೂ ದೇವಿಯ ಉತ್ಸವಕ್ಕೂ ನಡುವೆ ನಮ್ಮ ಹಿರಿಯರು ಒಂದು ರಾತ್ರಿಗಿಂತ ಹೆಚ್ಚಿನ ಅಂತರವನ್ನು ಇಡಲಿಲ್ಲ. ಶರಣರಂತೂ ಮರಣವನ್ನು ಮಹಾನವಮಿಯ ಹಬ್ಬಕ್ಕೇ ಹೋಲಿಸಿದರು. ಆದುದರಿಂದ ದಸರೆಯ ಸಂಚಿಕೆಯಲ್ಲಿ ಸಾಯುತ್ತಿರುವವರ ಶುಶ್ರೂಷೆಯ ಮಾತನ್ನೆತ್ತಿದರೆ ವಾಚಕರು ಅದನ್ನು ಅಮಂಗಳವೆಂದು ಭಾವಿಸಲಾರರೆಂದು ನಂಬುತ್ತೇನೆ.

ತೀರಿಕೊಂಡವರಿಗೆ ಮಾಡತಕ್ಕ ಕರ್ಮಗಳನ್ನು ಹೇಳಿಕೊಡಲು ನಮಗೆ ಪುರೋಹಿತರಿದ್ದಾರೆ. ತಿಥಿ ನಕ್ಷತ್ರಗಳನ್ನು ನೋಡಲು ಪಂಚಾಂಗವಿದೆ. ಆದರೆ ಇನ್ನೂ ಉಸಿರಾಡುತ್ತಿರುವ, ಕೆಲವೇ ವಾರಗಳೋ ದಿನಗಳೋ ಉಳಿದಿರುವ ತಾಯಿತಂದೆಗಳಿಗೆ ಮಾಡತಕ್ಕದ್ದೇನು ಎಂಬುದನ್ನು ಹೇಳುವವರು ಈ ಮಹಾನಗರದಲ್ಲಿ ವಿರಳ. ಊರಿನ ತೊಟ್ಟಿಮನೆಯಲ್ಲಿ ಅದನ್ನೆಲ್ಲ ಕಂಡು ಬಲ್ಲ ಒಬ್ಬ ಅಜ್ಜಿಯೋ ಸೋದರತ್ತೆಯೋ ಇರುತ್ತಿದ್ದರು. ನಮ್ಮ ಎರಡು ಕೋಣೆಗಳ ಮನೆಯಲ್ಲಿ ಅಂಥವರಿಲ್ಲ. ಈ ಕೊರತೆಯಿಂದ ನಾನೇ ಒಂದು ತಪ್ಪು ಮಾಡಿದೆ. ಅದನ್ನು ಹೇಳುವುದಕ್ಕಾಗಿಯೇ ಈ ಲೇಖನ. ಆದರೆ ಅದಕ್ಕೆ ಮೊದಲು ಮಹಾಭಾರತದ ಒಂದು ಪ್ರಸಂಗವನ್ನು ನೆನೆಯಬೇಕಾಗಿದೆ.

ಯುದ್ಧದ ಹತ್ತನೆಯ ದಿನ ಭೀಷ್ಮರು ಶರಶಯ್ಯೆಯಲ್ಲಿ ಒರಗಿದರು. ತಲೆ ಕೆಳಗೆ ಜೋತುಬಿದ್ದಿತ್ತು. ದಿಂಬು ಬೇಕೆಂದಾಗ ಅರಸರು ಮೃದುವಾದ ದಿಂಬುಗಳನ್ನು ತಂದರು, ಅವರು ಒಪ್ಪಲಿಲ್ಲ. ಅರ್ಜುನನು ಮೂರು ಬಾಣಗಳಿಂದ ತಲೆಗೆ ಆಸರೆ ಮಾಡಿದನು. ಬಾಯಾರಿದಾಗ ನೆಲವನ್ನು ಭೇದಿಸಿ ನೀರನ್ನು ಚಿಮ್ಮಿಸಿದವನೂ ಅವನೇ. ದುರ್ಯೋಧನನು ಬಾಣಗಳನ್ನು ಕೀಳಬಲ್ಲ ನಿಪುಣ ವೈದ್ಯರನ್ನು ಸಲಕರಣೆಗಳ ಸಮೇತ ಕರೆತಂದನು. ಭೀಷ್ಮರು, ಇವರಿಗೆ ಧನವನ್ನಿತ್ತು ಸತ್ಕರಿಸಿ ಕಳುಹಿಸು, ಈ ಸ್ಥಿತಿಯಲ್ಲಿ ನನಗೆ ವೈದ್ಯರಿಂದ ಆಗಬೇಕಾದುದಿಲ್ಲ ಎಂದರು.

ಇಲ್ಲಿಯವರೆಗಿನ ಕಥೆ ಬಹುಮಂದಿಗೆ ತಿಳಿದದ್ದೇ. ಮುಂದಿನದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಕುಮಾರವ್ಯಾಸನು ಗದಾಪರ್ವಕ್ಕೆ ತನ್ನ ಕಾವ್ಯವನ್ನು ನಿಲ್ಲಿಸಿದ್ದರಿಂದ ಶಾಂತಿಪರ್ವದ ಸಂಗತಿಗಳು ಗಮಕವಾಚನದಲ್ಲಿ ನಮ್ಮ ಕಿವಿಗೆ ಬೀಳುವುದು ಕಡಮೆ. (ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಉಳಿದ ಪರ್ವಗಳನ್ನು ಕನ್ನಡಕ್ಕೆ ತಂದನೆಂಬುದು ನಿಜ, ಅದನ್ನು ಓದುವ ಮನೆಗಳೆಷ್ಟು?) ಯುದ್ಧ ಮುಗಿದ ಮೇಲೆ ಶ್ರೀಕೃಷ್ಣನು ಪಾಂಡವರೊಡನೆ ಬಂದು ಧರ್ಮರಾಜನಿಗೆ ಉಪದೇಶ ಮಾಡಬೇಕೆಂದು ಕೇಳಿದಾಗ, ಭೀಷ್ಮರು ತಮ್ಮ ಅಶಕ್ತಿಯನ್ನು ನಿವೇದಿಸಿಕೊಳ್ಳುತ್ತಾರೆ: ಬಾಣಗಳ ಬೇನೆಯಿಂದ ಮನಸ್ಸು ಮಂಕಾಗಿದೆ, ಅವಯವಗಳು ಕುಸಿದಿವೆ, ಮಾತು ಹೊರಡದು. ಆಗ ಭಗವಂತನು, ನೀನು ಜ್ಞಾನಿ, ಸಹಿಸಿಕೊಂಡು ಹೇಳು ಎನ್ನಲಿಲ್ಲ. ನೋವು, ಉರಿ, ಮೂರ್ಛೆ, ಹಸಿವು, ಬಾಯಾರಿಕೆ ಇವು ಯಾವುವೂ ಬಾಧಿಸದಿರಲೆಂದು ವರವನ್ನಿತ್ತನು. ಉಪದೇಶ ಆರಂಭವಾದದ್ದು ಆ ಬಳಿಕ. ನಾವು ದಿನವೂ ಪಾರಾಯಣ ಮಾಡುವ ವಿಷ್ಣುಸಹಸ್ರನಾಮವೂ ಅನುಶಾಸನಪರ್ವದಲ್ಲಿ ಆ ನೋವು ನೀಗಿದ ನಾಲಗೆಯಿಂದಲೇ ಬಂದದ್ದು.

ಬದುಕಿಸಲು ಬಂದ ವೈದ್ಯರನ್ನು ಗೌರವದಿಂದ ಬೀಳ್ಕೊಟ್ಟ ಭೀಷ್ಮರು ನೋವನ್ನು ನೀಗಿಸಿದ ಕೃಪೆಯನ್ನು ಬೇಡವೆನ್ನಲಿಲ್ಲ. ರೋಗವನ್ನು ಗುಣಪಡಿಸುವ ಚಿಕಿತ್ಸೆ ಒಂದು, ರೋಗಿಯ ನೋವನ್ನು ಶಮನಗೊಳಿಸುವ ಆರೈಕೆ ಇನ್ನೊಂದು. ಮೊದಲನೆಯದು ಮುಗಿದಲ್ಲಿ ಎರಡನೆಯದು ಮುಗಿಯುವುದಿಲ್ಲ. ಇಂದು ಹಾಸ್ಪೀಸ್ ಅಥವಾ ಉಪಶಮನ ಆರೈಕೆ ಎಂಬ ಹೆಸರಿನಲ್ಲಿ ನಡೆಯುವ ಕಾರ್ಯದ ಮೂಲತತ್ತ್ವವೂ ಇದೇ ಆಗಿದೆ.

ನಮ್ಮ ಮನೆ ಇರುವುದು ಕೋಯಂಬೇಡಿನಲ್ಲಿ. ಬಸ್ ನಿಲ್ದಾಣಕ್ಕೂ ತರಕಾರಿ ಮಾರುಕಟ್ಟೆಗೂ ಈ ಹೆಸರು ಪ್ರಸಿದ್ಧ. ಮಾರುಕಟ್ಟೆ ಬಂದದ್ದು 1996ರಲ್ಲಿ, ನಿಲ್ದಾಣ ಬಂದದ್ದು 2002ರಲ್ಲಿ. ಇವೆರಡರ ಗದ್ದಲದಿಂದ ತುಸು ಒಳಗೆ ಕುರುಂಗಾಲೀಶ್ವರನ ದೇವಾಲಯವೂ, ಅದರ ಪಕ್ಕದಲ್ಲೇ ವೈಕುಂಠವಾಸ ಪೆರುಮಾಳರ ದೇವಾಲಯವೂ ಇವೆ. ವಾಲ್ಮೀಕಿಗಳ ಆಶ್ರಮ ಇಲ್ಲಿತ್ತೆಂದೂ, ಲವಕುಶರು ಶ್ರೀರಾಮನ ಯಜ್ಞಾಶ್ವವನ್ನು ಕಟ್ಟಿಹಾಕಿದ್ದು ಇಲ್ಲಿಯೇ ಎಂದೂ, ತಂದೆಯೆಂದರಿಯದೆ ತಂದೆಯೊಡನೆ ಕಾದಾಡಿದ ದೋಷವನ್ನು ಕಳೆದುಕೊಳ್ಳಲು ಆ ಬಾಲಕರು ಪೂಜಿಸಿದ ಗಿಡ್ಡನೆಯ ಲಿಂಗವೇ ಈ ಕುರುಂಗಾಲೀಶ್ವರನೆಂದೂ ಸ್ಥಳಪುರಾಣ ಹೇಳುತ್ತದೆ. ಹೆತ್ತವರಿಗೆ ತಿಳಿಯದೆ ಮಾಡಿದ ಅಪರಾಧಕ್ಕೆ ಇಲ್ಲಿ ಕ್ಷಮೆಯುಂಟೆಂಬ ನಂಬಿಕೆ ನನಗೆ ಬೇಕಾಗಿ ಬಂದದ್ದು ಹೇಗೆಂಬುದು ಮುಂದೆ ತಿಳಿಯುತ್ತದೆ.

ನಮ್ಮ ತಾಯಿಯವರಿಗೆ ಸ್ತನದ ಕ್ಯಾನ್ಸರ್ ಎಲುಬುಗಳಿಗೆ ಹರಡಿತ್ತು. ವೈದ್ಯರು ನಮ್ಮನ್ನು ಕುಳ್ಳಿರಿಸಿಕೊಂಡು, ರೋಗದ ಮೇಲೆ ಪ್ರಯೋಗಿಸತಕ್ಕ ಔಷಧ ಇನ್ನಿಲ್ಲ, ಮನೆಗೆ ಕರೆದೊಯ್ದು ನೋವಿಲ್ಲದಂತೆ ನೋಡಿಕೊಳ್ಳಿ ಎಂದು ತಿಳಿಯಹೇಳಿದರು. ಬಂಧುಗಳಲ್ಲಿ ಕೆಲವರು, ಕೈಬಿಟ್ಟುಬಿಟ್ಟಿರಾ ಎಂದು ಕೇಳಿದರು. ಅಮ್ಮ ಮಾತ್ರ, ದೇವಸ್ಥಾನದ ಗಂಟೆ ಕೇಳಿಸುವಲ್ಲಿ ಮಲಗಿಸಿ, ಸಾಕು ಎಂದರು.

ಈ ಆರೈಕೆಯ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬೇಕು. ಮೊದಲು ದಾದಿಯಾಗಿ, ಬಳಿಕ ರೋಗಿಗಳ ಕಷ್ಟಸುಖ ವಿಚಾರಿಸುವ ಸಮಾಜಸೇವಕಿಯಾಗಿ, ಕೊನೆಗೆ ವೈದ್ಯೆಯಾಗಿ ದುಡಿದ ಸಿಸಿಲಿ ಸಾಂಡರ್ಸ್ ಎಂಬ ಆಂಗ್ಲ ಮಹಿಳೆ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ ಹಾಸ್ಪೀಸನ್ನು ಆರಂಭಿಸಿದರು. ಸಾಯುವವನ ನೋವು ಶರೀರದ್ದಷ್ಟೇ ಅಲ್ಲ, ಮನಸ್ಸಿನದೂ ಸಂಸಾರದ್ದೂ ಆತ್ಮದ್ದೂ ಕೂಡಿದ ಒಂದೇ ನೋವು ಎಂಬುದು ಆಕೆಯ ಕಾಣ್ಕೆ. ಆಕೆ ದೈವಭಕ್ತೆ, ಹಾಗಿದ್ದೂ ಪ್ರಾರ್ಥನೆಯನ್ನು ಔಷಧದ ಸ್ಥಾನದಲ್ಲಿ ಇಡಲಿಲ್ಲ. ನಮ್ಮ ದೇಶದ ಮೊದಲ ಹಾಸ್ಪೀಸ್ ಆದ ಶಾಂತಿ ಅವೇದನಾ ಸದನ 1986ರಲ್ಲಿ ಮುಂಬಯಿಯಲ್ಲಿ ತೆರೆಯಿತು. ಬೆಂಗಳೂರಿನ ಕರುಣಾಶ್ರಯದ ಹಿಂದಿರುವ ಟ್ರಸ್ಟ್ ಸ್ಥಾಪನೆಯಾದದ್ದು 1994ರಲ್ಲಿ. ಮೊದಲು ಮನೆಮನೆಗೆ ಹೋಗಿ ಆರೈಕೆ ನೀಡುತ್ತಿದ್ದು, 1999ರಲ್ಲಿ ರೋಗಿಗಳನ್ನಿರಿಸಿಕೊಳ್ಳುವ ಆಲಯವನ್ನು ತೆರೆಯಿತು. ಅಲ್ಲಿ ಹಣ ಪಡೆಯುವುದಿಲ್ಲ. ಕೇರಳದಲ್ಲಿ 1993ರಲ್ಲಿ ಕೋಳಿಕೋಡಿನಲ್ಲಿ ಹುಟ್ಟಿದ ಚಳವಳಿ ಎಷ್ಟು ಬೆಳೆಯಿತೆಂದರೆ 2008ರಲ್ಲಿ ಸರ್ಕಾರವೇ ನೀತಿಯೊಂದನ್ನು ಪ್ರಕಟಿಸಿ ಪಂಚಾಯಿತಿಗಳ ಮೂಲಕ ದಾದಿಯರನ್ನು ಮನೆಗೆ ಕಳುಹಿಸತೊಡಗಿತು. ಕಾಸರಗೋಡಿನ ನಮ್ಮ ಕನ್ನಡಿಗರಿಗೂ ಅದರ ಫಲ ದೊರೆತಿದೆ. ಈ ನಗರದಲ್ಲಿ ಮಾತೂರಿನ ಜೀವೋದಯ, ಕೀಳ್ಪಾಕ್ಕಂನ ಡೀನ್ ಫೌಂಡೇಶನ್ ಮೊದಲಾದ ಸಂಸ್ಥೆಗಳಿವೆ. ತಮಿಳುನಾಡು ಸರ್ಕಾರವು 2021ರ ಆಗಸ್ಟ್ 5ರಂದು ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ಆರಂಭಿಸಿದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯಲ್ಲಿ ಹಾಸಿಗೆ ಹಿಡಿದವರ ಉಪಶಮನ ಆರೈಕೆಯೂ ಸೇರಿದೆ. ಇಷ್ಟೆಲ್ಲ ಇದ್ದರೂ, ಬಾಗಿಲನ್ನು ತಟ್ಟಬೇಕಾದವರು ನಾವೇ.

ನಮ್ಮ ಮನೆಗೆ ಬಂದ ತಂಡದಲ್ಲಿ ಒಬ್ಬ ವೈದ್ಯರು, ಒಬ್ಬ ಸಿಸ್ಟರ್ ಇದ್ದರು. ಸಿಸ್ಟರ್ ಅಮ್ಮನನ್ನು ‘ಪಾಟ್ಟಿ’ ಎಂದು ಕರೆದು, ನೋವು ಎಲ್ಲಿ, ಎಷ್ಟು, ರಾತ್ರಿ ಎಷ್ಟು ಗಂಟೆಗೆ ಎಚ್ಚರವಾಗುತ್ತದೆ ಎಂದು ಅರ್ಧ ಗಂಟೆ ವಿಚಾರಿಸಿದರು. ವೈದ್ಯರು ಮಾರ್ಫೀನ್ ಮಾತ್ರೆ ಬರೆದುಕೊಟ್ಟರು. ತಪ್ಪು ಆದದ್ದು ಇಲ್ಲಿ.

ನಮ್ಮ ಅಣ್ಣ ಮೈಸೂರಿನಿಂದ ಬಂದಿದ್ದರು. ಸಂಧ್ಯಾವಂದನೆ ತಪ್ಪದ, ಗೀತೆಯನ್ನು ಬಾಯಿಪಾಠ ಬಲ್ಲ ಸಜ್ಜನರು. ಅವರೆಂದರು: “ಮಾರ್ಫೀನ್ ಎಂದರೆ ಅಫೀಮು. ಎಂಬತ್ತು ವರ್ಷ ನಾಮಸ್ಮರಣೆ ಮಾಡಿದವಳನ್ನು ಕೊನೆಯ ಗಳಿಗೆಯಲ್ಲಿ ಮಂಪರಿಗೆ ತಳ್ಳುವುದೇ? ಅಂತ್ಯಕಾಲದ ಸ್ಮರಣೆಯಂತೆಯೇ ಗತಿ ಎಂದು ಎಂಟನೆಯ ಅಧ್ಯಾಯದಲ್ಲಿ ಭಗವಂತನೇ ಹೇಳಿಲ್ಲವೇ? ನೋವು ಪ್ರಾರಬ್ಧ. ಅನುಭವಿಸಿಯೇ ತೀರಿಸಬೇಕು.” ನನಗೆ ಎದುರಾಡುವಷ್ಟು ಶಾಸ್ತ್ರಜ್ಞಾನವಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನನಗೂ ಆ ಮಾತು ಸರಿಯೆಂದೇ ತೋರಿತು. ಮಾತ್ರೆಗಳನ್ನು ದೇವರ ಮನೆಯ ಗೂಡಿನಲ್ಲಿಟ್ಟೆವು.

ನಾಲ್ಕು ದಿನ ಕಳೆಯಿತು. ಬೆಳಗಿನ ಜಾವ ಎದ್ದು ದಾಸರ ಪದಗಳನ್ನು ಗುನುಗುತ್ತಿದ್ದ ಅಮ್ಮ ಗೋಡೆಯ ಕಡೆ ಮುಖ ಮಾಡಿ ನರಳುತ್ತಿದ್ದರು. ಹಾಸಿಗೆಯ ಬಟ್ಟೆ ಬದಲಿಸಲು ಮುಟ್ಟಿದರೆ ಕೂಗುತ್ತಿದ್ದರು. ಜಪಸರ ದಿಂಬಿನ ಕೆಳಗೆ ಹಾಗೆಯೇ ಬಿದ್ದಿತ್ತು. ನಾಲ್ಕನೆಯ ರಾತ್ರಿ ನನ್ನ ಕೈ ಹಿಡಿದು ಹೇಳಿದರು: “ಮಗೂ, ನಾಲಗೆ ತುದಿಯಲ್ಲೇ ಇದ್ದ ಹೆಸರು ಬರ್ತಾ ಇಲ್ಲ ಕಣೋ. ನೋವು ಬಂದು ಆ ಜಾಗದಲ್ಲಿ ಕೂತುಬಿಟ್ಟಿದೆ.” ನಾವು ಯಾವುದನ್ನು ಕಾಪಾಡುತ್ತಿದ್ದೇವೆಂದು ತಿಳಿದಿದ್ದೆವೋ ಅದನ್ನೇ ಕಸಿದುಕೊಂಡಿದ್ದೆವು.

ಮರುದಿನ ಬೆಳಗ್ಗೆ ಅಣ್ಣನ ಮುಂದೆ ಶಾಂತಿಪರ್ವದ ಅನುವಾದವನ್ನು ತೆರೆದಿಟ್ಟು ಮೇಲೆ ಹೇಳಿದ ಪ್ರಸಂಗವನ್ನು ಓದಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ತಾವೇ ಗೂಡಿನಿಂದ ಮಾತ್ರೆಯನ್ನು ತಂದು, ನೀರಿನ ಲೋಟವನ್ನು ಹಿಡಿದರು.

ಈ ಔಷಧದ ವಿಷಯದಲ್ಲಿ ನಮ್ಮ ಜನರಲ್ಲಿರುವ ಭಯ ದೊಡ್ಡದಾದ್ದರಿಂದ ಇಲ್ಲಿ ತುಸು ವಿಸ್ತರಿಸುತ್ತೇನೆ. ಗಸಗಸೆ ಗಿಡದ ಕಾಯಿಯ ಹಾಲಿನಿಂದ ಅಫೀಮು, ಅದರಿಂದ ಮಾರ್ಫೀನ್ ತಯಾರಾಗುತ್ತದೆ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯಿಂದ ಇದನ್ನು ಬೆಳೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಕ್ಯಾನ್ಸರ್ ನೋವಿಗೆ ಮೆಟ್ಟಿಲುಮೆಟ್ಟಿಲಾದ ಔಷಧಕ್ರಮವನ್ನು ವಿಧಿಸಿದಾಗ ತೀವ್ರ ನೋವಿಗೆ ಮಾರ್ಫೀನನ್ನೇ ಹೇಳಿತು. ವಿಪರ್ಯಾಸವೆಂದರೆ, ಅದಕ್ಕೆ ಒಂದು ವರ್ಷ ಮೊದಲು, 1985ರಲ್ಲಿ, ನಮ್ಮಲ್ಲಿ ಬಂದ ಮಾದಕವಸ್ತು ಕಾನೂನಿನ ಬಿಗಿಯಿಂದ ಇದು ಔಷಧದಂಗಡಿಗಳಿಂದ ಬಹುಮಟ್ಟಿಗೆ ಮಾಯವಾಯಿತು. 2014ರ ತಿದ್ದುಪಡಿ ಆ ಬಿಗಿಯನ್ನು ಸಡಿಲಿಸಿತು. ಸಾಧಾರಣ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ, ನೋವು ಬಂದ ಮೇಲೆ ಅಲ್ಲ, ಬರುವ ಮೊದಲೇ ಗಡಿಯಾರ ನೋಡಿ ಕೊಡಬೇಕು. ಮೊದಲ ಎರಡು ಮೂರು ದಿನ ತೂಕಡಿಕೆ, ಕೆಲವರಿಗೆ ವಾಕರಿಕೆ ಇರುತ್ತದೆ. ಬಳಿಕ ಅದು ಕಡಮೆಯಾಗುತ್ತದೆ. ಮಲಬದ್ಧತೆ ಮಾತ್ರ ಬಿಡುವುದಿಲ್ಲ. ಆದ್ದರಿಂದ ಮೊದಲ ದಿನದಿಂದಲೇ ಭೇದಿಯ ಔಷಧವನ್ನು ಜೊತೆಗೆ ಕೊಡತಕ್ಕದ್ದು. ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಟ್ಟರೆ ಇದು ಸಾವನ್ನು ಹತ್ತಿರ ತರುವುದಿಲ್ಲ. ಪ್ರಮಾಣವನ್ನು ನಾವೇ ಏರಿಸುವುದು, ಇಳಿಸುವುದು, ಒಮ್ಮೆಲೇ ನಿಲ್ಲಿಸುವುದು ಸಲ್ಲದು.

ಅಮ್ಮ ಎರಡು ದಿನ ಹೆಚ್ಚಾಗಿ ಮಲಗಿದ್ದರು. ನಾಲ್ಕು ರಾತ್ರಿಗಳ ನಿದ್ರೆ ಬಾಕಿಯಿತ್ತಲ್ಲವೇ! ಮೂರನೆಯ ಬೆಳಗ್ಗೆ ನಾನು ಹಾಲು ತರಲು ಎದ್ದಾಗ ಕೋಣೆಯಿಂದ ಗುನುಗು ಕೇಳಿಸಿತು.

ಅಣ್ಣನ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಬಾರದು. ಗೀತೆಯ ಎಂಟನೆಯ ಅಧ್ಯಾಯದಲ್ಲಿ ಅಂತ್ಯಸ್ಮರಣೆಯ ಮಾತು ಇರುವುದು ನಿಜ. ಆದರೆ ಅದರ ಬೆನ್ನಿಗೇ, ಮನುಷ್ಯನು ಸದಾ ಯಾವ ಭಾವದಲ್ಲಿ ನೆಲೆಸಿದ್ದನೋ ಅದೇ ಕೊನೆಗೆ ಒದಗುತ್ತದೆಂದೂ, ಆದ್ದರಿಂದ ಎಲ್ಲ ಕಾಲದಲ್ಲೂ ನನ್ನನ್ನು ಸ್ಮರಿಸೆಂದೂ ಭಗವಂತನು ಹೇಳುತ್ತಾನೆ. ಅಂದರೆ ಕೊನೆಯ ಗಳಿಗೆ ಪರೀಕ್ಷೆಯ ಗಂಟೆಯಲ್ಲ, ಜೀವಮಾನದ ಬೆಳೆಯ ಕೊಯ್ಲು. ನಮ್ಮ ನೆರೆಮನೆಯ ಶ್ರೀವೈಷ್ಣವ ಹಿರಿಯರು ಇನ್ನೂ ಒಂದು ಮಾತನ್ನು ನೆನಪಿಸಿದರು. ವರಾಹ ಚರಮಶ್ಲೋಕವೆಂದು ಅವರ ಸಂಪ್ರದಾಯದಲ್ಲಿ ಪ್ರಸಿದ್ಧವಾದ ವಚನದಲ್ಲಿ ವರಾಹಸ್ವಾಮಿಯು ಭೂದೇವಿಗೆ ಅಭಯ ಕೊಡುತ್ತಾನಂತೆ: ದೇಹ ಮನಸ್ಸುಗಳು ಸ್ವಸ್ಥವಾಗಿದ್ದಾಗ ನನ್ನನ್ನು ನೆನೆದವನು ಕೊನೆಗೆ ಕಟ್ಟಿಗೆಯಂತೆ, ಕಲ್ಲಿನಂತೆ ಬಿದ್ದಿರುವಾಗ ಅವನನ್ನು ನಾನು ನೆನೆಯುತ್ತೇನೆ ಎಂದು. ಪ್ರಜ್ಞೆ ತಪ್ಪಿ ಮಲಗಿದ ಹೆತ್ತವರ ಬಳಿ ಕುಳಿತಿರುವ ಮಕ್ಕಳಿಗೆ ಇದಕ್ಕಿಂತ ಮಿಗಿಲಾದ ಸಾಂತ್ವನವನ್ನು ನಾನು ಕಂಡಿಲ್ಲ.

ಇನ್ನು ಕೈಯಿಂದ ಮಾಡತಕ್ಕ ಸೇವೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹಿಮ್ಮಡಿ, ಸೊಂಟದ ಕೆಳಭಾಗ, ಭುಜಗಳಲ್ಲಿ ಚರ್ಮ ಕೆಂಪಾಗಿದೆಯೇ ಎಂದು ನೋಡಬೇಕು. ಹಾಸಿಗೆ ಹುಣ್ಣಾದ ಮೇಲೆ ಮಾಡುವ ಪ್ರಯಾಸಕ್ಕಿಂತ ಇದು ಎಷ್ಟೋ ಸುಲಭ. ರಾತ್ರಿ ಎರಡು ಗಂಟೆಯ ಸರದಿ ನನ್ನದು. ಮಾರುಕಟ್ಟೆಗೆ ಹೂವಿನ ಲಾರಿಗಳು ಬರುವ ಹೊತ್ತು ಅದು. ನಿದ್ದೆಗಣ್ಣಿನಲ್ಲಿ ಅಮ್ಮನ ಬೆನ್ನಿಗೆ ದಿಂಬು ಕೊಡುವಾಗ ದೂರದಿಂದ ಅವುಗಳ ಸದ್ದು ಕೇಳಿಸುತ್ತಿತ್ತು. ಬಾಯಿಯನ್ನು ಒದ್ದೆ ಮಾಡಿದ ಮೆತ್ತನೆಯ ಬಟ್ಟೆಯಿಂದ ಆಗಾಗ ಒರೆಸಿ, ತುಟಿಗೆ ಕೊಬ್ಬರಿಎಣ್ಣೆ ಸವರುವುದನ್ನು ನನ್ನ ಪತ್ನಿ ವಹಿಸಿಕೊಂಡಿದ್ದಳು. ಇದನ್ನು ಅಭಿಷೇಕವೆಂದೇ ತಿಳಿದು ಮಾಡುತ್ತಿದ್ದೇನೆ ಎಂದು ಅವಳು ಒಮ್ಮೆ ಹೇಳಿದಳು; ಆಯಾಸದಿಂದ ಅತ್ತದ್ದೂ ಉಂಟು. ಎರಡೂ ನಿಜವೇ.

ಊಟದ ವಿಷಯ ಬಹಳ ಕಷ್ಟದ್ದು. ಅನ್ನವನ್ನು ಪರಬ್ರಹ್ಮವೆನ್ನುವ ನಾವು, ತಾಯಿ ಊಟ ಬೇಡವೆಂದಾಗ ಕಂಗೆಡುತ್ತೇವೆ. ಒತ್ತಾಯಿಸಿ ತಿನ್ನಿಸುತ್ತೇವೆ, ಇಲ್ಲವೇ ಗ್ಲೂಕೋಸ್ ಏರಿಸಿರೆಂದು ಹಠ ಹಿಡಿಯುತ್ತೇವೆ. ಶರೀರವು ತನ್ನ ವ್ಯಾಪಾರವನ್ನು ಮುಗಿಸುತ್ತಿರುವಾಗ ಅನ್ನವನ್ನು ಕೇಳುವುದಿಲ್ಲ. ಊಟ ಬಿಟ್ಟದ್ದರಿಂದ ಸಾಯುತ್ತಿರುವುದಲ್ಲ, ಸಾಯುತ್ತಿರುವುದರಿಂದ ಊಟ ಬಿಟ್ಟಿರುವುದು ಎಂದು ಸಿಸ್ಟರ್ ತಿಳಿಸಿಕೊಟ್ಟರು. ಆ ಸ್ಥಿತಿಯಲ್ಲಿ ಏರಿಸಿದ ದ್ರವ ಕಾಲುಗಳಲ್ಲೂ ಶ್ವಾಸಕೋಶದಲ್ಲೂ ನಿಂತು ಉಸಿರಿಗೆ ತೊಂದರೆ ಕೊಡುವುದುಂಟು. ಗಂಗೋದಕವನ್ನಾಗಲಿ ತುಳಸಿ ತೀರ್ಥವನ್ನಾಗಲಿ ಬಾಯಿಗೆ ಸುರಿಯಬಾರದು. ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಬೆರಳಿನಿಂದ ತುಟಿಗೆ ಸವರಿದರೂ ತೀರ್ಥ ತೀರ್ಥವೇ.

ಪ್ರಾಣೋತ್ಕ್ರಮಣದ ಹೊತ್ತಿಗೆ ನೆಲಕ್ಕೆ ಇಳಿಸಬೇಕೆಂಬ ಸಂಪ್ರದಾಯ ನಮ್ಮಲ್ಲಿದೆ. ಎಲುಬು ಮುಟ್ಟಿದರೆ ನೋಯುವವರನ್ನು ಇಳಿಸುವುದು ಹೇಗೆ? ಪುರೋಹಿತರನ್ನು ಮುಂಚಿತವಾಗಿಯೇ ಕೇಳಿದೆವು. ಹಾಸಿಗೆಯ ಕೆಳಗೆ ದರ್ಭೆ ಹಾಸಿರಿ, ಇಳಿಸುವುದು ಆಮೇಲಾಗಲಿ ಎಂದರು. ಇಂಥ ಪ್ರಶ್ನೆಗಳನ್ನು ಆ ಗಳಿಗೆಗೆ ಬಿಡದೆ ಮೊದಲೇ ಕೇಳಿಟ್ಟುಕೊಳ್ಳುವುದು ಲೇಸು. ಸರ್ಕಾರದ ಕಾಗದಗಳದೂ ಹಾಗೆಯೇ. ಮನೆಯಲ್ಲಿ ತೀರಿಕೊಂಡರೆ ಮರಣದ ಕಾರಣವನ್ನು ಬರೆದುಕೊಡುವ ವೈದ್ಯರು ಯಾರೆಂಬುದನ್ನು ನಿಶ್ಚಯಿಸಿಕೊಂಡಿರಬೇಕು. 21 ದಿನಗಳೊಳಗೆ ನೋಂದಣಿಯಾಗಬೇಕು. ಗುಣವಾಗದ ಸ್ಥಿತಿಯಲ್ಲಿ ಯಂತ್ರಗಳಿಂದ ಉಸಿರನ್ನು ಎಳೆಯಬಾರದೆಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯವು 2018ರ ಮಾರ್ಚ್ 9ರಂದು ಮಾನ್ಯಮಾಡಿ, 2023ರ ಜನವರಿಯಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು.

ಕೊನೆಯ ಎರಡು ದಿನ ಅಮ್ಮ ಕಣ್ಣು ತೆರೆಯಲಿಲ್ಲ. ಉಸಿರು ಒಮ್ಮೆ ಜೋರಾಗಿ, ಒಮ್ಮೆ ನಿಂತೇಹೋದಂತೆ ಆಗಿ ಮತ್ತೆ ಬರುತ್ತಿತ್ತು, ಗಂಟಲಲ್ಲಿ ಗೊರಗೊರ ಸದ್ದು, ಕೈಕಾಲು ತಣ್ಣಗೆ. ಇವೆಲ್ಲ ಬರುತ್ತವೆಂದು ಸಿಸ್ಟರ್ ಮೊದಲೇ ಹೇಳಿದ್ದರಿಂದ ನಾವು ಆಂಬುಲೆನ್ಸಿಗಾಗಿ ಓಡಲಿಲ್ಲ. ಮಗ್ಗುಲಿಗೆ ತಿರುಗಿಸಿ ಮಲಗಿಸಿದೆವು. ಕಿವಿ ಕೊನೆಯವರೆಗೂ ಕೇಳುತ್ತದೆ, ಮಾತಾಡುತ್ತಿರಿ ಎಂದಿದ್ದರು. ಪ್ರತಿಕ್ರಿಯೆ ನಿಂತುಹೋದ ಹಾಸ್ಪೀಸ್ ರೋಗಿಗಳಲ್ಲೂ ಕೆಲವರ ಮೆದುಳು ಧ್ವನಿಗೆ ಸ್ಪಂದಿಸುತ್ತದೆಂದು ಕೆನಡಾದ ಬ್ರಿಟಿಷ್ ಕೊಲಂಬಿಯ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ತೋರಿಸಿದ್ದಾರೆ. ಅಣ್ಣ ಸಹಸ್ರನಾಮ ಹೇಳಿದರು. ನಾನು ಆ ನಾಲ್ಕು ದಿನಗಳಿಗಾಗಿ ಕ್ಷಮೆ ಕೇಳಿದೆ. ಬೆಳಗಿನ ಪೂಜೆಯ ಗಂಟೆ ನಿಂತ ಸ್ವಲ್ಪ ಹೊತ್ತಿಗೆ ಮುಂದಿನ ಉಸಿರು ಬರಲಿಲ್ಲ.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಸಿಸ್ಟರ್ ಬಂದರು. ಉಳಿದಿದ್ದ 31 ಮಾರ್ಫೀನ್ ಮಾತ್ರೆಗಳನ್ನು ಎಣಿಸಿ ಪುಸ್ತಕದಲ್ಲಿ ಬರೆದುಕೊಂಡರು. ಗಾಳಿ ಹಾಸಿಗೆಯನ್ನು ಮಡಿಸುವಾಗ, ಇದು ನೆರ್ಕುಂಡ್ರದ ಒಂದು ಮನೆಗೆ ಹೋಗುತ್ತದೆ, ಅಲ್ಲಿಯ ಪಾಟ್ಟಿ ತಾಳವಾಡಿ ಕಡೆಯವರು, ನೋವಿನಲ್ಲಿ ಅವರು ಕನ್ನಡದಲ್ಲೇ ಮಾತಾಡುತ್ತಾರೆ, ನಮಗೆ ತಿಳಿಯುವುದಿಲ್ಲ, ನಿಮ್ಮ ಮನೆಯವರು ಒಮ್ಮೆ ಬರಬಹುದೇ ಎಂದು ಕೇಳಿದರು. ಮರುದಿನ ನನ್ನ ಪತ್ನಿ ಸಹಸ್ರನಾಮದ ಪುಸ್ತಕವನ್ನು ಹಿಡಿದುಕೊಂಡು ಹೋದಳು. ಆ ಅಜ್ಜಿಗೆ ಬೇಕಾಗಿದ್ದುದು ಮಾದಪ್ಪನ ಹಾಡು. ಇವಳಿಗೆ ಅದು ಬಾರದು, ಈಗ ಕಲಿಯುತ್ತಿದ್ದಾಳೆ.